ಒಂದು ಗೇಣಿನ ವೃತ್ತ

ನಮ್ಮ ಶಾಲೆಯ ವಿಜ್ಞಾನದ ಟೀಚರಿಗೆ 'ನ್ಯಾನೋ ಮೇಡಂ' ಎಂದು ಹೆಸರಿಟ್ಟವರು ಮಕ್ಕಳಲ್ಲ, ಗಣಿತದ ಮೇಷ್ಟ್ರು. ಮಕ್ಕಳು ಇಟ್ಟಿದ್ದರೆ ಅದರಲ್ಲಿ ಒಂದಿಷ್ಟು ಪ್ರೀತಿಯಾದರೂ ಇರುತ್ತಿತ್ತು. ಪ್ರಯೋಗಾಲಯದಲ್ಲಿ ನೆಟ್ಟಗಿರುವ ಒಂದು ತಕ್ಕಡಿ ಇಲ್ಲ, ಇವರಿಗೆ ನ್ಯಾನೋ ತಂತ್ರಜ್ಞಾನ ಬೇಕಂತೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ನಾವೆಲ್ಲ ನಕ್ಕೆವು. ಮೇಡಂ ಕೂಡ ನಕ್ಕು, ತಮ್ಮ ಲೋಟ ಎತ್ತಿಕೊಂಡು ಪ್ರಯೋಗಾಲಯಕ್ಕೆ ನಡೆದರು. ಆಮೇಲೆ ಅವರು ನಮ್ಮ ಜೊತೆ ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ.

ನಾನು ಅಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಸತ್ತುಹೋದ ರಾಜರೂ ಯಾರ ಕಣ್ಣಿಗೂ ಕಾಣುವುದಿಲ್ಲ. ಆದರೆ ಅವರು ಪರೀಕ್ಷೆಗೆ ಬರುತ್ತಾರೆ, ಹಾಗಾಗಿ ನನ್ನ ಪಾಠಕ್ಕೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ಮೇಡಂ ಹೇಳುವ ನ್ಯಾನೋ ಪರೀಕ್ಷೆಗೂ ಬರುತ್ತಿರಲಿಲ್ಲ, ಕಣ್ಣಿಗೂ ಕಾಣುತ್ತಿರಲಿಲ್ಲ.

ಅವರ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಹಡಿ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ, ಕಿಟಕಿ ಪಕ್ಕದಲ್ಲಿ ಅವರ ಮೇಜು. ಮನುಷ್ಯ ಮಾತಿನಲ್ಲಿ ಜಿಪುಣ. ಆದರೆ ಯಾವುದಾದರೂ ಹಲ್ಲುಚಕ್ರವೋ ಕೂದಲೆಳೆಯಂಥ ಸ್ಪ್ರಿಂಗೋ ಚೆಂದ ಕಂಡರೆ, 'ಇಲ್ಲಿ ಬಾ, ನೋಡು' ಎಂದು ಹೆಂಡತಿಯನ್ನು ಒಲೆಯ ಮುಂದಿನಿಂದ ಕರೆದು ಭೂತಗನ್ನಡಿ ಕೈಗೆ ಕೊಡುತ್ತಿದ್ದರು. ಮಕ್ಕಳಿರಲಿಲ್ಲ. ಒಂದು ಮಧ್ಯಾಹ್ನ ಅದೇ ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಮೇಡಂ ಆ ಮೇಜಿನ ಧೂಳು ಒರೆಸುತ್ತಿದ್ದರೇ ಹೊರತು ಯಾವ ಸಾಮಾನನ್ನೂ ಕದಲಿಸಿರಲಿಲ್ಲ.

ನಿಜ ಹೇಳಬೇಕೆಂದರೆ, ಸಂಜೆ ಶಾಲೆ ಬಿಟ್ಟ ಮೇಲೆ ಅವರು ಶುರುಮಾಡಿದ ನ್ಯಾನೋ ತರಗತಿಗೆ ವಿಜ್ಞಾನ ಅರ್ಧ ಕಾರಣ, ಆ ಮನೆ ಅರ್ಧ ಕಾರಣ. ಬೀಗ ತೆಗೆದು ಒಳಗೆ ಹೋಗುವ ಹೊತ್ತನ್ನು ಒಂದು ಗಂಟೆಯಾದರೂ ಮುಂದೆ ಹಾಕಬೇಕಿತ್ತು. ಅವರೇ ನನಗೆ ಹಾಗೆಂದರು, ಬಹಳ ವರ್ಷಗಳ ಮೇಲೆ, ಇಬ್ಬರೂ ನಿವೃತ್ತರಾಗಿ ಬಸ್ ಸ್ಟಾಪಿನಲ್ಲಿ ಸಿಕ್ಕಾಗ. ಮುಂದಿನದರಲ್ಲಿ ನಾನು ಕಾಣದ್ದೆಲ್ಲ ಅವತ್ತು ಕೇಳಿದ್ದು.

ಮೊದಮೊದಲು ಮಕ್ಕಳು ಬೆಂಚು ತುಂಬ ಕೂತರು. ಕಾಗದದ ಪಟ್ಟಿಯನ್ನು ಅರ್ಧ, ಅರ್ಧದಲ್ಲಿ ಅರ್ಧ ಎಂದು ಕತ್ತರಿಸುತ್ತಾ ಹೋಗಿ, ಕತ್ತರಿ ಸೋತ ಕಡೆಯಿಂದ ಇನ್ನೂ ಎಷ್ಟು ದೂರ ಹೋಗಬೇಕು ನೋಡಿ ಎನ್ನುತ್ತಿದ್ದರು ಮೇಡಂ. ಒಂದು ಸೆಕೆಂಡಿಗೆ ಉಗುರು ಬೆಳೆಯುವುದು ಹೆಚ್ಚುಕಡಿಮೆ ಒಂದು ನ್ಯಾನೋಮೀಟರ್, ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು, ಎಂದಾಗ ತರಗತಿಗೆ ತರಗತಿಯೇ ಉಗುರು ನೋಡಿಕೊಂಡಿತು. ಚಿನ್ನವನ್ನು ಅಷ್ಟು ಸಣ್ಣ ಕಣ ಮಾಡಿದರೆ ಕೆಂಪಗೆ ಕಾಣುತ್ತದೆ ಎಂದರು. ಎಲ್ಲಿ ತೋರಿಸಿ ಎಂದರು ಮಕ್ಕಳು. ತೋರಿಸಲು ಏನಿತ್ತು? ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಉಳಿದವರಲ್ಲೂ ಕೆಲವರು ಮನೆಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಕೂತವರು.

ಹೆಡ್ ಮಾಸ್ಟರು ಕೆಟ್ಟವರಲ್ಲ. ಕೋಣೆಗೆ ಕೊರತೆಯಿತ್ತು, ಗಣಿತದಲ್ಲಿ ಹಿಂದುಳಿದವರಿಗೆ ಸಂಜೆ ಪಾಠ ಮಾಡಲು ಜಾಗ ಬೇಕಿತ್ತು. ಶುಕ್ರವಾರ ಬಂದು ನೋಡುತ್ತೇನೆ, ಮಕ್ಕಳ ಕಣ್ಣಿಗೆ ಕಾಣುವಂಥದ್ದು ಏನಾದರೂ ತೋರಿಸಿದರೆ ತರಗತಿ ಇರಲಿ, ಇಲ್ಲದಿದ್ದರೆ ಕೋಣೆ ಬಿಟ್ಟುಕೊಡಿ ಎಂದರು.

ಆಗ ಮೇಡಂ ಮೊದಲ ಸಲ ಗಂಡನ ಮೇಜಿನ ಡ್ರಾಯರ್ ಎಳೆದರು. ಗಡಿಯಾರಕ್ಕೆ ಎಣ್ಣೆ ಮುಟ್ಟಿಸುವ ಸೂಜಿ ಅದರಲ್ಲಿತ್ತು. ಅದರ ತುದಿಗೆ ನಿಲ್ಲುವುದು ಸಾಸಿವೆಗಿಂತ ಸಣ್ಣ ಹನಿ. ಕಪ್ಪು ಟ್ರೇಯಲ್ಲಿ ನೀರು ತುಂಬಿ, ಮೇಲೆ ತೆಳ್ಳಗೆ ಮುಖದ ಪೌಡರ್ ಉದುರಿಸಿ, ಅಡುಗೆ ಎಣ್ಣೆಯ ಆ ಹನಿಯನ್ನು ನಡುವೆ ಮುಟ್ಟಿಸಿದರೆ ಪೌಡರ್ ಸರ್ರನೆ ಹಿಂದೆ ಸರಿದು ಒಂದು ಗೇಣಗಲ ವೃತ್ತ ತೆರೆದುಕೊಳ್ಳುತ್ತದೆ. ಎಣ್ಣೆ ಅದಕ್ಕಿಂತ ಹೆಚ್ಚು ಹರಡುವುದಿಲ್ಲ, ಯಾಕೆಂದರೆ ಅಲ್ಲಿ ಅದರ ದಪ್ಪ ಒಂದೇ ಒಂದು ಅಣುವಿನಷ್ಟು. ಹನಿಯನ್ನು ಅಳೆದು, ವೃತ್ತವನ್ನು ಅಳೆದು ಭಾಗಿಸಿದರೆ ಸುಮಾರು ಎರಡು ನ್ಯಾನೋಮೀಟರ್ ಎಂದು ಹೈಸ್ಕೂಲಿನ ಲೆಕ್ಕದಲ್ಲೇ ಸಿಗುತ್ತದೆ. ಒಂದೇ ಷರತ್ತು. ಟ್ರೇಗೆ ಸೋಪು ತಾಗಬಾರದು, ಬರೀ ಬಿಸಿನೀರು. ಸೋಪಿನ ಪೊರೆ ಮೊದಲೇ ನೀರಿನ ಮೇಲೆ ಕೂತಿದ್ದರೆ ಎಣ್ಣೆಗೆ ಜಾಗ ಸಿಗುವುದಿಲ್ಲ. ಮಕ್ಕಳಿಗೆ ಇದನ್ನು ಹೇಳಿರಲಿಲ್ಲ. ಶಾಲೆ ಗುಡಿಸಿ ತೊಳೆಯುವ ಆಯಾಗೂ ಹೇಳಿರಲಿಲ್ಲ. ಟ್ರೇ ತೊಳೆಯುವುದು ಯಾವಾಗಲೂ ಮೇಡಂ ತಾವೇ ಆದ್ದರಿಂದ ಹೇಳುವ ಅಗತ್ಯ ಬಿದ್ದಿರಲಿಲ್ಲ.

ಆ ಶಾಲೆಯಲ್ಲಿ ಮೇಡಂ ಜೊತೆ ಕೂತು ಊಟ ಮಾಡುತ್ತಿದ್ದವರು ಆ ಆಯಾ ಒಬ್ಬರೇ. ಮೇಡಂ ಅವರನ್ನು ಅಕ್ಕ ಎನ್ನುತ್ತಿದ್ದರು. ನೀರಿನ ತೊಟ್ಟಿಯ ಪಕ್ಕದ ಬೆಂಚಿನಲ್ಲಿ ಇಬ್ಬರ ಡಬ್ಬಿಯೂ ತೆರೆಯುತ್ತಿತ್ತು. ಹಿಂದಿನ ವಾರವಷ್ಟೇ ಆಯಾ ಒಂದು ಗಾಜಿನ ಜಾಡಿ ಒಡೆದು, ಹೆಡ್ ಮಾಸ್ಟರು ಎಲ್ಲರ ಮುಂದೆ ಕೂಗಾಡಿದ್ದರು. ಇನ್ನೊಂದು ತಪ್ಪು ಮಾಡಿದರೆ ಮನೆಗೆ ಹೋಗಬಹುದು ಎಂದಿದ್ದರು.

ಶುಕ್ರವಾರ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೆಡ್ ಮಾಸ್ಟರು ಪ್ರೇಕ್ಷಕರು ಜಾಸ್ತಿ ಇರಲಿ ಎಂದು ಗಣಿತದ ಮೇಷ್ಟ್ರನ್ನೂ ನನ್ನನ್ನೂ ಕರೆತಂದಿದ್ದರು. ಮೇಡಂ ಆ ದಿನ ಬೇರೊಬ್ಬರ ತರಗತಿ ನೋಡಿಕೊಂಡು ಓಡೋಡಿ ಬಂದರು. ಟ್ರೇ ಆಗಲೇ ಮೇಜಿನ ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೀರು ಹಾಕಿದರು, ಪೌಡರ್ ಉದುರಿಸಿದರು. ಗಂಡನ ಸೂಜಿಯ ತುದಿಯನ್ನು ಎಣ್ಣೆಗೆ ಅದ್ದಿ ಎತ್ತಿದರು. ಹನಿ ಮುಟ್ಟಿತು.

ಏನೂ ಆಗಲಿಲ್ಲ. ಹನಿ ಪುಟ್ಟ ಕಣ್ಣಿನಂತೆ ಇದ್ದಲ್ಲೇ ಇತ್ತು. ಇನ್ನೊಂದು ಹನಿ ಮುಟ್ಟಿಸಿದರು, ಅದೂ ಅಷ್ಟೇ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗಣಿತದ ಮೇಷ್ಟ್ರು ನನ್ನ ಕಿವಿಯಲ್ಲಿ, ಎಣ್ಣೆ ಬಂದಾಗ ನಾವೇನೂ ಕಣ್ಣು ಮುಚ್ಚಿಕೊಂಡಿಲ್ಲವಲ್ಲ ಎಂದರು. ಆ ಹೊತ್ತಿಗೆ ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು ನನಗೆ.

ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಲ್ಲಿಯವರೆಗೆ ಆ ತರಗತಿಯಲ್ಲಿ ಒಂದು ಮಾತೂ ಆಡದವಳು. "ಮೇಡಂ, ನೀರಿನ ಮೇಲೆ ಮೊದಲೇ ಬೇರೆ ಏನೋ ಕೂತಿರಬಹುದಾ? ನಮಗೆ ಕಾಣದೇ ಇರೋದು?"

ಮೇಡಂ ಟ್ರೇಯ ಮೇಲೆ ಬಾಗಿದರು. ನಿಂಬೆಹಣ್ಣಿನ ಸೋಪಿನ ವಾಸನೆ. ತಲೆ ಎತ್ತಿದರೆ ಬಾಗಿಲಲ್ಲಿ ಆಯಾ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಅಷ್ಟು ಜನರ ಮುಂದೆ ತಾವು ಉಜ್ಜಿದ ಟ್ರೇ ಹೊಳೆಯುವುದನ್ನು ನೋಡಿ ಮುಖ ಅರಳಿದೆ.

ಒಂದು ಮಾತು ಸಾಕಿತ್ತು. ಟ್ರೇಗೆ ಸೋಪು ತಾಗಿದೆ, ಬಿಸಿನೀರು ತರಿಸಿ, ಸ್ವಲ್ಪ ಕಾಯಿರಿ. ಅಷ್ಟು ಹೇಳಿದ್ದರೆ ತರಗತಿ ಉಳಿಯುತ್ತಿತ್ತು. ಆದರೆ ಟ್ರೇ ತೊಳೆದದ್ದು ಯಾರು ಎಂದು ಹೆಡ್ ಮಾಸ್ಟರು ಕೇಳದೇ ಬಿಡುತ್ತಿರಲಿಲ್ಲ.

"ಇವತ್ತು ಆಗ್ಲಿಲ್ಲ ಸರ್," ಎಂದರು ಮೇಡಂ. ಹುಡುಗಿಗೆ ಒಳ್ಳೆ ಪ್ರಶ್ನೆ, ಕೂತ್ಕೋ ಎಂದರು. ಹುಡುಗಿ ಕೂತಳು. ಹೆಡ್ ಮಾಸ್ಟರು ಎದ್ದು, ಬೇಸರ ಮಾಡಿಕೊಳ್ಳಬೇಡಿ, ಸೋಮವಾರದಿಂದ ಕೋಣೆ ಗಣಿತಕ್ಕೆ ಎಂದು ಮೆಲ್ಲಗೆ ಹೇಳಿ ಹೊರಟರು.

ತರಗತಿ ಹೋದದ್ದಕ್ಕಿಂತ ಆ ಹುಡುಗಿಯನ್ನು ಕೂರಿಸಿದ್ದು ಮೇಡಂಗೆ ಹೆಚ್ಚು ನೋವು. ಅಷ್ಟು ತಿಂಗಳು ಕಾದ ಪ್ರಶ್ನೆ ಅದು. ಅಷ್ಟು ಸರಿಯಾದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಟೀಚರ್ ನಾನು ಎಂದು ಅವರು ಬಸ್ ಸ್ಟಾಪಿನಲ್ಲಿ ಹೇಳಿದರು.

ಆ ಸಂಜೆ ಟ್ರೇಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದರು. ನೀರು ಕಾಯಿಸಿ, ವಾಸನೆ ಹೋಗುವವರೆಗೆ ಮತ್ತೆ ಮತ್ತೆ ತೊಳೆದರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅಡುಗೆಮನೆಯ ಕಟ್ಟೆ ಮೇಲಿಟ್ಟು ನೀರು, ಪೌಡರ್, ಸೂಜಿ. ಹನಿ ಮುಟ್ಟಿದ್ದೇ ತಡ, ವೃತ್ತ ತೆರೆಯಿತು. ದುಂಡಗೆ, ಒಂದು ಗೇಣು, ಒಂದು ಅಂಕುಡೊಂಕಿಲ್ಲ.

"ಇಲ್ಲಿ ಬನ್ನಿ, ನೋಡಿ," ಎಂದು ಅವರು ಗಟ್ಟಿಯಾಗಿಯೇ ಕರೆದುಬಿಟ್ಟರು.

ಕಿಟಕಿಯ ಕಡೆಯಿಂದ ಯಾರೂ ಏಳಲಿಲ್ಲ. ವೃತ್ತದ ಅಂಚಿನಲ್ಲಿ ಪೌಡರ್ ನಿಧಾನವಾಗಿ ಹಿಂದಕ್ಕೆ ಬರುವವರೆಗೂ ನಿಂತಿದ್ದು, ಆಮೇಲೆ ನೀರು ಚೆಲ್ಲಿದರು.

ಸೋಮವಾರ ಮಧ್ಯಾಹ್ನ ತೊಟ್ಟಿಯ ಪಕ್ಕದಲ್ಲಿ ಡಬ್ಬಿ ತೆರೆಯುತ್ತಾ ಆಯಾ ಕೇಳಿದರು. "ಶುಕ್ರವಾರ ಟ್ರೇ ನಾನೇ ತೊಳ್ದಿದ್ದು ಮೇಡಂ, ನಿಮಗೆ ಪುರುಸೊತ್ತಿಲ್ಲ ಅಂತ. ಮೂರು ಸಲ ಸೋಪು ಹಾಕ್ದೆ. ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಅಕ್ಕ," ಎಂದರು ಮೇಡಂ. "ನನಗೋಸ್ಕರ ಅಂತ ಯಾರಾದ್ರೂ ಏನಾದ್ರೂ ಮಾಡಿ ಬಹಳ ದಿನ ಆಗಿತ್ತು."