ಆರನೆಯ ಸ್ವಿಚ್ಚು

ತಿಂಗಳ ಮೊದಲ ಭಾನುವಾರ ನಾನು ಮನೆಯ ಅಟ್ಟ ಒರೆಸುತ್ತೇನೆ. ಈ ಸಲ ಹಳೆಯ ಡಬ್ಬಿಯೊಂದರಲ್ಲಿ ಹಸಿರು ಜೀರೋ ಬಲ್ಬು ಸಿಕ್ಕಿತು. ಧೂಳು ತೆಗೆಯುತ್ತಿದ್ದ ಕೈ ಅಲ್ಲೇ ನಿಂತಿತು...

ಅದು ಕೆಲವು ವರ್ಷಗಳ ಹಿಂದೆ ನಮ್ಮ ಇದೇ ಯಾದವಗಿರಿ ಮನೆಯಲ್ಲಿ ಬಾಡಿಗೆಗಿದ್ದ ಸಂಶೋಧನೆಯ ಹುಡುಗಿಯದು. ಕತ್ತಲಲ್ಲಿ ಮೊಳೆತ ಸಸಿ ಹಳದಿಯಾಗಿರುತ್ತದೆ. ಮೊದಲ ಬೆಳಕು ಬಿದ್ದ ಗಳಿಗೆಯಲ್ಲೇ ಎಲೆಯೊಳಗಿನ ಒಂದು ಪ್ರೋಟೀನು ಹಸಿರು ತಯಾರಿಸಲು ತೊಡಗುತ್ತದೆ. ಆ ಗಳಿಗೆಯನ್ನು ಅಳೆಯುವುದು ಅವಳ ಕೆಲಸ. ಅದಕ್ಕೆಂದೇ ಮೂರು ವರ್ಷ ಒಂದು ಗೋಧಿ ತಳಿ ಬೆಳೆಸಿದ್ದಳು. ಕೊನೆಗೆ ಉಳಿದದ್ದು ಒಂದು ಹಿಡಿ ಬೀಜ. ಲ್ಯಾಬಿನ ಕತ್ತಲೆಕೋಣೆ ಆಗ ರಿಪೇರಿಯಲ್ಲಿತ್ತು. ನಮ್ಮ ಉಗ್ರಾಣದ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು, ಒಳಗೆ ಅಷ್ಟೂ ಬೀಜ ಬಿತ್ತಿದಳು. ನೀರು ಹಾಕುವಾಗ ಮಾತ್ರ ಈ ಹಸಿರು ಬಲ್ಬು. ಸಸಿಗಳಿಗೆ ಅಷ್ಟಾಗಿ ತಾಗದ ಬೆಳಕು.

ಉಗ್ರಾಣದ ದೊಡ್ಡ ದೀಪದ ಸ್ವಿಚ್ಚು ಮಾತ್ರ ಹೊರಗೆ, ನಡುಮನೆಯ ಗೋಡೆಯಲ್ಲಿತ್ತು. ಸಂಜೆ ಆರಕ್ಕೆ ಅಲ್ಲಿನ ಆರೂ ಸ್ವಿಚ್ಚು ಹಾಕುವುದು ನನ್ನ ರೂಢಿ. ಮುಸ್ಸಂಜೆಯಲ್ಲಿ ಯಾವ ಕೋಣೆಯೂ ಕತ್ತಲಿರಬಾರದೆಂದು ಅಮ್ಮ ಕಲಿಸಿದ್ದು.

"ಅಂಕಲ್, ಆ ಕೊನೇದೊಂದು ಬಿಟ್ಬುಡಿ. ನಿಮ್ಮ ಕೈಯೇ ಗಡಿಯಾರ ಇದ್ದಂಗೆ, ಆರಾದ್ರೆ ತಾನಾಗೇ ಹೋಗುತ್ತೆ. ನಂಗೆ ಅದೇ ಭಯ!" ಎಂದು ನಕ್ಕಳು.

"ನಾನು ರೈಲ್ವೆಯವನು ಕಣಮ್ಮ. ಹೇಳಿದ್ ಮೇಲೆ ಮುಗೀತು," ಎಂದೆ.

ಆರು ದಿನ ತಪ್ಪಲಿಲ್ಲ. ಏಳನೆಯ ಸಂಜೆ ಗೇಟಿನಲ್ಲಿ ಯಾರೋ ಕರೆದರು. ಅತ್ತ ಉತ್ತರ ಕೊಡುತ್ತಲೇ ಆರನ್ನೂ ಸಾಲಾಗಿ ಹಾಕಿಬಿಟ್ಟೆ. ಕೊನೆಯದನ್ನು ಕ್ಷಣದಲ್ಲೇ ಆರಿಸಿದೆ. ಒಂದು ಕ್ಷಣ ತಾನೇ, ಎಂದುಕೊಂಡೆ. ಹೇಳಲಿಲ್ಲ.

ಮರುದಿನ ಸಸಿಗಳನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿ ಲ್ಯಾಬಿಗೆ ಒಯ್ದವಳು ಬೇಗನೆ ಹಿಂದಿರುಗಿದಳು. "ಎಲ್ಲೋ ಬೆಳಕು ಬಿದ್ದಿದೆ ಅಂಕಲ್. ಸಸಿಗಳು ಆಗಲೇ ಹಸಿರು ಶುರು ಮಾಡ್ಕೊಂಡ್ಬುಟ್ಟಿದ್ವು."

ಕಿಟಕಿ ನೋಡಬೇಕೆಂದಳು. ಅವಳು ಹತ್ತಿದ ಸ್ಟೂಲನ್ನು ನಾನೇ ಹಿಡಿದುಕೊಂಡೆ. ಅಂಗುಲ ಅಂಗುಲ ಹುಡುಕಿ, ಮೊಳೆಯ ಪಕ್ಕ ಸೂಜಿಮೊನೆಯಷ್ಟು ತೂತು ಕಂಡುಹಿಡಿದಳು.

"ಇಲ್ಲೇ ನೋಡಿ... ನನ್ನದೇ ಬೇಜವಾಬ್ದಾರಿ."

ನನ್ನ ಬಾಯಿಂದ ಹೊರಟದ್ದು, "ಇಳಿಯಮ್ಮ, ಕಾಫಿ ಆರೋಗುತ್ತೆ."

ಎರಡು ತಿಂಗಳಿಗೆ ಸಂಶೋಧನೆ ಬಿಟ್ಟು ಊರಿಗೆ ಹೊರಟಳು. ಕೈಯಲ್ಲಿ ಎಚ್ಚರವಿಲ್ಲದವರು ಈ ಕೆಲಸಕ್ಕೆ ಬರಬಾರದು ಎಂದಳು. ಆಗಲೂ ಹೇಳಲಿಲ್ಲ. ಕಾಗದ ಬರೆಯೋಣವೆಂದುಕೊಂಡೆ... ಹೋದ ವರ್ಷ ಅವಳ ತಾಯಿ ಫೋನ್ ಮಾಡಿದರು. ಕಾಯಿಲೆಯಂತೆ. ಎಲ್ಲ ಮುಗಿದು ಹದಿಮೂರು ದಿನವಾಗಿತ್ತು. "ನಿಮ್ಮನೇನ ತುಂಬಾ ನೆನೀತಿದ್ಲು," ಎಂದರು.

ಇಂದು ಆರಕ್ಕೆ ಐದು ಸ್ವಿಚ್ಚು ಹಾಕಿದೆ. ಉಗ್ರಾಣದಲ್ಲಿ ಈಗ ಕಾಯಬೇಕಾದದ್ದು ಏನೂ ಇಲ್ಲ, ಹಳೆಯ ಪಾತ್ರೆಗಳಷ್ಟೇ. ಆದರೂ ಆರನೆಯದರ ಮುಂದೆ ಕೈ ಕಟ್ಟಿಕೊಂಡು ನಿಂತೆ, ಹೊರಗೆ ಪೂರ್ತಿ ಕತ್ತಲಾಗುವವರೆಗೂ.