ಹಿಂದಿನ ಕೋಣೆಗೆ ಪ್ರಯಾಣ

ಗುಬ್ಬಿಯ ಗಂಡ ಮೂರು ಸಲ ಪ್ರಯಾಣ ಹೊರಟ. ಮೂರು ಸಲವೂ ಮನೆಯ ಹಿಂದಿನ ಕೋಣೆಯನ್ನು ದಾಟಲಿಲ್ಲ.

ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಗುಬ್ಬಿ ಇದನ್ನು ಯಾರಿಗೂ ಹೇಳಿರಲಿಲ್ಲ. ಬ್ಯಾಗಿಗೆ ಬಟ್ಟೆ ತುಂಬಬೇಕು, ಕಿಟಕಿಗಳನ್ನು ಮುಚ್ಚಬೇಕು, ಹಾಲಿನವನಿಗೆ ಐದು ದಿನ ಬೇಡ ಎನ್ನಬೇಕು, ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಬೇಕು. ಆಮೇಲೆ ಗಂಡ ಹೆಂಡತಿ ಇಬ್ಬರೂ ತಮ್ಮ ಮನೆಯಲ್ಲೇ ಕಳ್ಳರಂತೆ ಹಿಂದಿನ ಕೋಣೆ ಸೇರಿ ಕೂರಬೇಕು. ಪಕ್ಕದ ಅಡುಗೆಮನೆ, ಬಚ್ಚಲು ಬಿಟ್ಟರೆ ಬೇರೆಲ್ಲೂ ಓಡಾಡುವಂತಿಲ್ಲ. ಯಾಕೆಂದರೆ ನಡುಮನೆಯಲ್ಲಿ ಸಮುದ್ರವಿತ್ತು. ಯಾರೂ ಇಲ್ಲದ ಮನೆಯಲ್ಲಿ ಅದು ತನ್ನ ಪಾಡಿಗೆ ತಾನು ಬದುಕುತ್ತದೋ ಇಲ್ಲವೋ ಎಂದು ನೋಡಬೇಕಾಗಿತ್ತು.

ಗಂಡ ಇದಕ್ಕೆ ಟ್ರಯಲ್ ಎನ್ನುತ್ತಿದ್ದ. ಅವನದು ಲಿಫ್ಟ್ ರಿಪೇರಿ ಕೆಲಸ. ಕೆಲಸದ ಕಡೆ ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ರಿಪೇರಿ ಮುಗಿದ ಲಿಫ್ಟನ್ನು ಖಾಲಿಯಾಗಿ ಇಪ್ಪತ್ತು ಸಲ ಮೇಲೆ ಕೆಳಗೆ ಓಡಿಸಿ ನೋಡದೆ ಅವನು ಒಂದು ಮಗುವನ್ನೂ ಅದರೊಳಗೆ ಬಿಟ್ಟವನಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಕೈಯಿಟ್ಟ ಲಿಫ್ಟಿನಲ್ಲಿ ಒಬ್ಬರಿಗೂ ಗಾಯವಾಗಿರಲಿಲ್ಲ. ಒಳ್ಳೆಯ ಗುಣವೇ, ಯಾರು ಇಲ್ಲವೆಂದರು? ಆದರೆ ಒಳ್ಳೆಯ ಗುಣವೂ ಮನೆಗೆ ಬಂದು ಜಡಿದು ಕೂತರೆ ಶನಿಯಾಗುತ್ತದೆ.

ಆ ಸಮುದ್ರ, ಅಂದರೆ ಉಪ್ಪುನೀರಿನ ಮೀನಿನ ಟ್ಯಾಂಕು, ಮನೆಗೆ ಬಂದು ಎಂಟು ವರ್ಷವಾಗಿತ್ತು. ಒಂದು ಕಟ್ಟಡದಲ್ಲಿ ಲಿಫ್ಟ್ ನೋಡಲು ಹೋದಾಗ ಕೆಳಗಿನ ಸಾಕುಮೀನಿನ ಅಂಗಡಿ ಮುಚ್ಚುತ್ತಿತ್ತು. ಒಂದು ಮೂಲೆ ಚಕ್ಕೆ ಹಾರಿದ ಗಾಜಿನ ತೊಟ್ಟಿ, ಎರಡು ಕಿತ್ತಳೆ ಬಣ್ಣದ ಮೀನು, ಮುಷ್ಟಿಯಷ್ಟು ಹವಳ, ಇಷ್ಟನ್ನೂ ಅವರು ಇವನ ಕೈಗೆ ಕೊಟ್ಟು ಕೈತೊಳೆದುಕೊಂಡರು. ಹವಳವೆಂದರೆ ಕಲ್ಲು ಎಂದುಕೊಂಡಿದ್ದ ಗುಬ್ಬಿ, ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಅದು ಎಳೆಗೂಸಿನ ಬೆರಳಿನಂತೆ ಬಿಚ್ಚಿಕೊಂಡದ್ದನ್ನು ಕಂಡು ಬಾಯಿ ಬಿಟ್ಟಳು. ಅವಳಿಗೂ ಅದರ ಮೇಲೆ ಪ್ರೀತಿ ಹುಟ್ಟಿತು. ಸುಳ್ಳು ಹೇಳಬಾರದು.

ಆದರೆ ಅದು ದಿನವೂ ಬೇಡುವ ದೇವರು. ದಿನಕ್ಕೆ ಮೂರು ಲೀಟರ್ ನೀರು ಆವಿಯಾಗುತ್ತಿತ್ತು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹೋದಷ್ಟೇ ಸಿಹಿನೀರನ್ನು ಅಂದಂದೇ ತುಂಬದಿದ್ದರೆ ಹವಳ ಮುದುಡುತ್ತದೆ. ಸುಣ್ಣದ ಅಂಶವನ್ನು ಅಳೆದು ಹನಿಸಬೇಕು, ಗಾಜಿನ ಪಾಚಿ ಒರೆಸಬೇಕು, ಬಿಸಿ ಏರಿದರೆ ಫ್ಯಾನು ಹಾಕಬೇಕು. ಮೊದಲ ವರ್ಷವೇ ಪಕ್ಕದ ಮನೆಯವರಿಗೆ ಒಪ್ಪಿಸಿದ ಒಂದೇ ದಿನ ಅವರು ಸಿಹಿನೀರಿನ ಬದಲು ಉಪ್ಪುನೀರಿನ ಕ್ಯಾನು ಸುರಿದು ಒಂದು ಮೀನನ್ನು ಸಾಯಿಸಿದ್ದರು. ಅಂದಿನಿಂದ ಗಂಡ ಹೆಂಡತಿ ಒಟ್ಟಿಗೆ ಒಂದು ರಾತ್ರಿಯೂ ಹೊರಗೆ ತಂಗಿದ್ದಿಲ್ಲ. ಗುಬ್ಬಿ ಅಕ್ಕನ ಮನೆಗೆ ವರ್ಷಕ್ಕೊಮ್ಮೆ ಒಬ್ಬಳೇ ಹೋಗಿ ಬರುತ್ತಿದ್ದಳು.

ಗುಬ್ಬಿ ಎಂಬ ಹೆಸರಿಟ್ಟವಳೂ ಅಕ್ಕನೇ, ಹಾಗೆ ಕರೆಯುತ್ತಿದ್ದವಳೂ ಅವಳೊಬ್ಬಳೇ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಇವಳಿಗೆ ಏಳು, ಅಕ್ಕನಿಗೆ ಹದಿನೇಳು. ಅಕ್ಕ ಅಂದು ಹೊಲಿಗೆ ಮಿಷನ್ ಮುಂದೆ ಕೂತವಳು ತಂಗಿಯ ಮದುವೆ ಮಾಡಿ ಮುಗಿಸಿಯೇ ಎದ್ದದ್ದು. ತನಗೂ ಮದುವೆ ಎಂಬುದೊಂದಿದೆ ಎಂದು ನೆನಪಾಗುವ ಹೊತ್ತಿಗೆ ತಲೆ ನರೆತಿತ್ತು. ಗುಬ್ಬಿ ಕಲಿತದ್ದೂ ಅದೇ ಮಿಷನ್ನಿನಲ್ಲಿ. ಈಗ ಅವಳು ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿಯೊಂದರಲ್ಲಿ ದಿನಕ್ಕೆ ಎಪ್ಪತ್ತು ಕಾಲರು ಕೂರಿಸುತ್ತಿದ್ದಳು, ಒಂದೂ ಸೊಟ್ಟಗಾಗುತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಅಕ್ಕನ ಶ್ವಾಸಕೋಶ ಕೈಕೊಟ್ಟಿತು. ಡಾಕ್ಟರು ವರ್ಷ ಎಂದರೋ ತಿಂಗಳು ಎಂದರೋ, ಅಕ್ಕ ಸರಿಯಾಗಿ ಹೇಳಲಿಲ್ಲ. ಫೋನಿನಲ್ಲಿ ಹೇಳಿದ್ದು ಬೇರೆಯೇ.

“ಏ ಗುಬ್ಬಿ, ಈ ಮಿಷನ್ ಇನ್ನು ನಿಂದೇ. ನನ್ನ ಕೈಯಾರೆ ಕೊಡ್ತೀನಿ. ಅವನನ್ನೂ ಕರ್ಕೊಂಡು ಬಾ, ಬಿಚ್ಚಿ ಕಟ್ಟೋಕೆ ಜನ ಬೇಕು. ಈ ಸಲ ಒಬ್ಬಳೇ ಬಂದ್ರೆ ಬಾಗಿಲೇ ತೆಗಿಯಲ್ಲ, ನೋಡ್ತಿರು.”

“ಜೋರು ಮಾಡ್ಬೇಡಕ್ಕ, ಕೆಮ್ಮು ಬರುತ್ತೆ.”

“ಕೆಮ್ಮಿದ್ರೇನು? ಬೈಯೋಕೆ ಅದೂ ಒಂದು ತಾಳ.”

ಮಿಷನ್ ಬರೀ ನೆಪವೆಂದು ಗುಬ್ಬಿಗೆ ಗೊತ್ತಿತ್ತು. ತಾನು ಕಟ್ಟಿಕೊಟ್ಟ ಸಂಸಾರ ಜೋಡಿಯಾಗಿ ತನ್ನ ಮುಂದೆ ನಾಲ್ಕು ದಿನ ಕೂತಿರುವುದನ್ನು ಕಣ್ತುಂಬ ನೋಡಬೇಕು ಎಂಬುದೊಂದೇ ಅಕ್ಕನ ಆಸೆ. ಅಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಮೇಸ್ತ್ರಿ ಒಲ್ಲೆ ಎನ್ನಲಿಲ್ಲ. “ಅಕ್ಕ ಕರೆದ ಮೇಲೆ ಹೋಗದೆ ಇರೋಕಾಗುತ್ತಾ? ಟ್ಯಾಂಕಿಗೊಂದು ವ್ಯವಸ್ಥೆ ಮಾಡಿ ಹೋಗೋಣ ಕಣೇ. ಎಲ್ಲ ತಾನಾಗೇ ನಡೆಯೋ ಹಾಗೆ,” ಎಂದ. ಮಾತಿಗೆ ತಪ್ಪುವವನಲ್ಲ, ಮಾರನೆಯ ದಿನವೇ ಶುರು ಮಾಡಿದ.

ಮೊದಲು ಬಂದದ್ದು ನೀರು ತುಂಬುವ ಪಂಪು. ಮಟ್ಟ ಇಳಿದರೆ ಒಂದು ತೇಲುವ ಬಿರಡೆ ಕೆಳಗಿಳಿದು ಪಂಪನ್ನು ಎಬ್ಬಿಸುತ್ತದೆ. ಅದರ ಹಿಂದೆ ಸುಣ್ಣದ ನೀರು ಹನಿಸುವ ಪಂಪು, ಅದಕ್ಕೆ ನಾಲ್ಕು ಸಣ್ಣ ಕೊಳವೆ. ನೀರಿನ ಬಿಸಿಯನ್ನೂ ಹುಳಿಯನ್ನೂ ಅಳೆದು ಫೋನಿಗೆ ಕಳಿಸುವ ಕಡ್ಡಿಗಳು. ಮೀನಿಗೆ ಹೊತ್ತು ಹೊತ್ತಿಗೆ ಚಿಟಿಕೆ ಆಹಾರ ಉದುರಿಸುವ ಚಕ್ರ. ಕರೆಂಟು ಹೋದರೆ ಇವಕ್ಕೆಲ್ಲ ಏನು ಗತಿ ಎಂದು ಬ್ಯಾಟರಿ. ಬ್ಯಾಟರಿ ಕೆಟ್ಟರೆ ತಿಳಿಯಲೆಂದು ಕ್ಯಾಮೆರಾ. ಕೌಪೀನ ಕಡಿಯುವ ಇಲಿಗೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿದ ಸನ್ಯಾಸಿ ಇವನ ಮುಂದೆ ಯಾವ ಲೆಕ್ಕ? ಮೊದಲು ಟ್ಯಾಂಕಿಗೆ ದಿನಕ್ಕೆ ಒಂದು ಗಂಟೆ ಬೇಕಿತ್ತು. ಈಗ ಟ್ಯಾಂಕನ್ನು ನೋಡಿಕೊಳ್ಳುವ ಯಂತ್ರಗಳನ್ನು ನೋಡಿಕೊಳ್ಳಲು ಮೂರು ಗಂಟೆ ಹಿಡಿಯುತ್ತಿತ್ತು.

ಮೊದಲ ಟ್ರಯಲ್ಲಿನಲ್ಲಿ ಒಂದು ಬಸವನಹುಳು ಹೋಗಿ ಆ ತೇಲುವ ಬಿರಡೆಯ ಮೇಲೆ ಕೂತಿತು. ನೀರಿಳಿದಿದೆ ಎಂದುಕೊಂಡ ಪಂಪು ಸುರಿದೇ ಸುರಿಯಿತು, ನಡುಮನೆ ಕೆರೆಯಾಯಿತು. ಎರಡನೆಯದರಲ್ಲಿ ಆಹಾರದ ಚಕ್ರಕ್ಕೆ ತೇವ ತಾಗಿ ಎಲ್ಲ ಗಂಟು ಕಟ್ಟಿತು. ಎರಡು ಸಲವೂ ಗುಬ್ಬಿ ಅಂಗಡಿಯಲ್ಲಿ ಊರಿಗೆ ಹೋಗುತ್ತೇನೆಂದು ರಜೆ ಹಾಕಿದ್ದಳು. ವಾಪಸು ಹೋದಾಗ ಗುಂಡಿ ಹಚ್ಚುವವಳು “ಅಕ್ಕ ಹೇಗಿದ್ದಾರೆ?” ಎಂದು ಕೇಳಿದರೆ, “ಪರವಾಗಿಲ್ಲ,” ಎಂದು ಸೂಜಿಗೆ ದಾರ ಪೋಣಿಸುತ್ತಾ ತಲೆ ತಗ್ಗಿಸಿದ್ದಳು.

ಮೂರನೆಯ ಟ್ರಯಲ್ ಮೂರು ದಿನ ಬೆಣ್ಣೆಯ ಹಾಗೆ ಸಾಗಿತು. ನಾಲ್ಕನೆಯ ದಿನ ಬೆಳಿಗ್ಗೆ ಮೇಸ್ತ್ರಿಯ ಫೋನು ಕಿರುಗುಟ್ಟಿತು. ಅವನು ಮಂಚದಿಂದ ದಡಕ್ಕನೆ ಎದ್ದ.

“ನೀರು ಹುಳಿಯಾಗ್ತಿದೆ, ಹವಳಕ್ಕೆ ಆಗಲ್ಲ. ನೀನು ಒಲೆ ಹಚ್ಚಿದ್ಯಾ?”

“ಸ್ನಾನಕ್ಕೆ ನೀರು ಕಾಯಿಸ್ದೆ. ಮೈಕೈ ನೋವು.”

“ಒಲೆ ಉರಿದ್ರೆ ಗಾಳಿ ಕೆಡುತ್ತೆ ಕಣೇ, ಆ ಗಾಳಿ ಹೋಗಿ ನೀರಿಗೆ ಸೇರುತ್ತೆ. ಯಾರೂ ಇಲ್ಲದ ಮನೇಲಿ ಒಲೆ ಹೇಗೆ ಉರಿಯುತ್ತೆ, ಹೇಳು?”

“ಯಾರೂ ಇಲ್ಲದ ಮನೇಲಿ ನಾವಿಬ್ಬರು ಕೂತಿದ್ದೀವಲ್ಲ ರೀ! ಉಸಿರಾಡ್ತಿದ್ದೀವಲ್ಲ! ಅದನ್ನೂ ನಿಲ್ಲಿಸ್ಲಾ?”

ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಗಲ್ಲ ಕೆರೆದುಕೊಂಡು ಯೋಚಿಸಿದ. “ಹೌದು, ಅದೂ ಇರಬಹುದು. ಮನೆ ಮುಚ್ಚಿದ್ರೆ ನಮ್ಮ ಉಸಿರೂ ನೀರಿಗೇ ಸೇರೋದು. ಹಾಗಾದ್ರೆ ಈ ಟ್ರಯಲ್ ಕೆಟ್ಟಿತು. ಇದನ್ನೇ ಇನ್ನೊಂದು ವಾರ ಎಳೆಯೋಣ. ಒಲೆ ಬೇಡ, ಈ ಕೋಣೆ ಕಿಟಕಿ ಒಂದು ಬೆರಳಷ್ಟು ತೆಗೆದಿಡೋಣ. ಆಮೇಲೆ ಖಂಡಿತ ಹೊರಡೋದೇ.”

ಆ ದಿನ ಮಧ್ಯಾಹ್ನವೇ ಅಕ್ಕನ ಫೋನು ಬಂತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಅವಳು ನಿಲ್ಲುತ್ತಿದ್ದಳು.

“ಎಲ್ಲಿದ್ದೀಯೇ?”

“ಮನೇಲೇ, ಅಕ್ಕ.”

“ಮೀನಿಗೆ ಗಾಳಿ ಊದೋ ಮಿಷನ್ ಇರುತ್ತಂತಲ್ಲ. ಬರುವಾಗ ನಂಗೂ ಒಂದು ತರೋಕೆ ಹೇಳು ಅವನಿಗೆ.”

ಗುಬ್ಬಿಗೆ ನಗು ಬರಲಿಲ್ಲ. “ಮುಂದಿನ ಶುಕ್ರವಾರ ಬರ್ತೀವಿ. ಇಬ್ಬರೂ. ಇದು ಸುಳ್ಳಲ್ಲ.”

“ಸರಿ, ಬಾ. ಮಿಷನ್‌ಗೆ ಎಣ್ಣೆ ಹಾಕಿ ಬಾಗಿಲ ಹತ್ರಾನೇ ಇಟ್ಟಿದ್ದೀನಿ.”

ಫೋನಿಟ್ಟ ಮೇಲೆ ಗುಬ್ಬಿ ಎದ್ದು ಬ್ಯಾಗಿನ ಹಿಡಿ ಹಿಡಿದಳು. ಬ್ಯಾಗು ತುಂಬಿಯೇ ಇತ್ತು. ಬಸ್ ನಿಲ್ದಾಣ ಇಪ್ಪತ್ತು ನಿಮಿಷದ ನಡಿಗೆ, ಅಲ್ಲಿಂದ ಹತ್ತು ಗಂಟೆಯ ದಾರಿ. ಒಬ್ಬಳೇ ಹೋದರೆ ಅಕ್ಕ ಬಾಗಿಲು ತೆಗೆಯುತ್ತಿರಲಿಲ್ಲವೇ? ತೆಗೆಯುತ್ತಿದ್ದಳು, ಬೈಯುತ್ತಲೇ ತೆಗೆಯುತ್ತಿದ್ದಳು. ಆದರೆ ಗುಬ್ಬಿಯ ಭುಜದಾಚೆ ನೋಡಿ, ಹಿಂದೆ ಯಾರೂ ಇಲ್ಲವೆಂದು ಕಂಡು, ಏನೂ ಆಗದವಳಂತೆ ನಗುತ್ತಿದ್ದಳು. ಆ ನಗುವನ್ನು ಎಂಟು ವರ್ಷ ನೋಡಿದ ಗುಬ್ಬಿಗೆ ಒಂಬತ್ತನೆಯ ಸಲ ನೋಡುವ ಧೈರ್ಯವಾಗಲಿಲ್ಲ. ಇನ್ನೊಂದೇ ವಾರ ತಾನೇ ಎಂದುಕೊಂಡು ಬ್ಯಾಗನ್ನು ಕೆಳಗಿಟ್ಟಳು.

ಬುಧವಾರ ಬೆಳಿಗ್ಗೆ ಅಕ್ಕನ ಕೆಳಗಿನ ಮನೆಯಾಕೆ ಫೋನು ಮಾಡಿದಳು. ಅಕ್ಕ ಏಳಲಿಲ್ಲವಂತೆ.

ಮೇಸ್ತ್ರಿಯ ಬಗ್ಗೆ ಇಷ್ಟು ಹೇಳಬೇಕು. ಟ್ಯಾಂಕಿನ ಕಡೆ ತಿರುಗಿಯೂ ನೋಡದೆ ಬ್ಯಾಗು ಎತ್ತಿಕೊಂಡು ಹೆಂಡತಿಯ ಕೈ ಹಿಡಿದು ಹೊರಟ. ಹತ್ತು ಗಂಟೆಯ ದಾರಿಯಲ್ಲಿ ಒಮ್ಮೆಯೂ ಫೋನು ತೆಗೆಯಲಿಲ್ಲ. ಅಲ್ಲಿ ಮಗನಂತೆ ಓಡಾಡಿದ, ಹೆಗಲು ಕೊಟ್ಟ, ಅತ್ತ ಕೂಡ. ಮನಸ್ಸು ಮಾಡಿದರೆ ಅವನು ಎಷ್ಟು ಬೇಗ ಹೊರಡಬಲ್ಲ ಎಂದು ಗುಬ್ಬಿ ಅಂದೇ ಕಂಡದ್ದು.

ಅಕ್ಕನ ಮನೆಯ ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಪಕ್ಕದಲ್ಲೇ ಮಿಷನ್, ಅದರ ಮೇಲೆ ಒಗೆದು ಮಡಿಸಿದ ಬಟ್ಟೆ. ಗುಬ್ಬಿ ಚಕ್ರಕ್ಕೆ ಕೈ ಹಾಕಿದಳು. ಅದು ತಿರುಗದೆ ಬಿಗಿ ಹಿಡಿಯಿತು. ಹೊಲಿಗೆ ಮಿಷನ್ನಿನ ಎಣ್ಣೆ ನೀರಿನ ಹಾಗಿರುತ್ತದೆ. ವಾರಗಟ್ಟಲೆ ಓಡಿಸದೆ ಬಿಟ್ಟರೆ ಧೂಳು ಕುಡಿದು ಅಂಟಾಗುತ್ತದೆ. ಅವಳು ಬೆರಳಲ್ಲಿ ಅದನ್ನು ತಿಕ್ಕಿ ನೋಡಿದಳು. ಇದು ಮೊನ್ನೆ ಹಾಕಿದ ಎಣ್ಣೆಯಲ್ಲ. ಮೂರು ತಿಂಗಳ ಹಿಂದೆ ಮೊದಲ ಸಲ ಕರೆದ ದಿನವೇ ಅಕ್ಕ ಎಣ್ಣೆ ಹಾಕಿ, ಬಾಗಿಲ ಬಳಿ ಇಟ್ಟು, ಕಣ್ಣಿಗೂ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು.

“ಶುಕ್ರವಾರ ಬರ್ತಾರೆ, ಇಬ್ಬರೂ ಬರ್ತಾರೆ ಅಂತ ಎಲ್ಲರಿಗೂ ಹೇಳ್ತಿದ್ರು ಕಣಮ್ಮ,” ಎಂದಳು ಕೆಳಗಿನ ಮನೆಯಾಕೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

ಆರನೆಯ ದಿನ ಮಿಷನ್ ಬಿಚ್ಚಿ ಕಂಬಳಿಯಲ್ಲಿ ಕಟ್ಟಿ ಬಸ್ಸಿಗೆ ಹಾಕಿಕೊಂಡು ಹಿಂದಿರುಗಿದರು. ಮನೆ ಇನ್ನು ಅರ್ಧ ಗಂಟೆ ಇರುವಾಗ ಮೇಸ್ತ್ರಿ ಫೋನು ತೆಗೆದ. ಸ್ವಲ್ಪ ಹೊತ್ತು ನೋಡಿದ, ಇನ್ನೂ ಹತ್ತಿರ ಹಿಡಿದು ನೋಡಿದ. ಮುಖ ಬದಲಾಯಿತು. ಫೋನನ್ನು ಜೇಬಿಗೆ ಹಾಕಿಕೊಂಡ.

ಬಾಗಿಲು ತೆಗೆದದ್ದೇ ಅವನು ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಗೆ ನುಗ್ಗಿದ. ಟ್ಯಾಂಕು ಮಿರಮಿರ ಮಿಂಚುತ್ತಿತ್ತು. ಗಾಜಿನಲ್ಲಿ ಒಂದೆಳೆ ಪಾಚಿ ಬಿಟ್ಟರೆ ಕೊರತೆಯಿಲ್ಲ. ಹವಳ ಎಂದೂ ಇಲ್ಲದಷ್ಟು ಅರಳಿತ್ತು, ಉಳಿದ ಒಂದೇ ಮೀನು ಅದರ ಸುತ್ತ ಗತ್ತಿನಿಂದ ತಿರುಗುತ್ತಿತ್ತು.

“ಏ, ಇಲ್ಲಿ ನೋಡೇ! ಆರು ದಿನ! ಒಂದೇ ಒಂದು ಸಲ ಎಚ್ಚರಿಕೆ ಗಂಟೆ ಬಂದಿಲ್ಲ. ನೀರು ಇಷ್ಟು ಚೆನ್ನಾಗಿ ಎಂಟು ವರ್ಷದಲ್ಲಿ ಯಾವತ್ತೂ ಇರಲಿಲ್ಲ. ನಾವು ಮನೇಲಿ ಕೂತು ಉಸಿರು ಬಿಡ್ತಿದ್ದದ್ದೇ ಅದಕ್ಕೆ ತೊಂದರೆ ಆಗ್ತಿತ್ತು ಕಣೇ, ನೀನು ಹೇಳಿದ್ದೇ ಸರಿ!” ಸಂತೋಷದಲ್ಲಿ ಅವನ ದನಿ ಒಡೆಯಿತು. “ಛೇ, ನಾವು ಯಾವತ್ತೋ ಹೋಗಬಹುದಿತ್ತು.”

ಹೇಳಿದ ಮೇಲೂ ತಾನೇನು ಹೇಳಿದೆ ಎಂದು ಅವನಿಗೆ ತಿಳಿಯಲಿಲ್ಲ. ಗುಬ್ಬಿ ಕಂಬಳಿಯ ಗಂಟಿನ ಪಕ್ಕ ನಿಂತಿದ್ದಳು. ಗಂಡನ ಮೇಲೆ ಬರಬೇಕಾದ ಸಿಟ್ಟು ಬಂತು, ಬಂದಷ್ಟೇ ಬೇಗ ಅವಳ ಮೇಲೇ ತಿರುಗಿತು. ಅವನಿಗಾದರೂ ಟ್ಯಾಂಕಿತ್ತು. ತನಗೆ ಬಸ್ಸಿತ್ತು, ಕಾಲಿತ್ತು, ತುಂಬಿದ ಬ್ಯಾಗಿತ್ತು, ಆದರೂ ಹಿಂದಿನ ಕೋಣೆಯಲ್ಲಿ ಸದ್ದು ಮಾಡದೆ ಕೂತವಳು ತಾನು.

“ಇನ್ಮೇಲೆ ಎಲ್ಲಿಗೆ ಬೇಕಾದ್ರೂ ಹೋಗೋಣ,” ಎಂದ ಮೇಸ್ತ್ರಿ, ಕಣ್ಣು ಗಾಜಿನ ಮೇಲೇ. “ನೀನೇ ಹೇಳು. ಎಲ್ಲಿಗೆ ಹೋಗೋಣ?”

ಗುಬ್ಬಿ ನಿಜವಾಗಿಯೂ ಯೋಚಿಸಿದಳು. ಅವಳ ಐವತ್ತೊಂದು ವರ್ಷದ ಬದುಕಿನಲ್ಲಿ ಹೋಗಬೇಕು ಎನಿಸಿದ್ದ ಮನೆ ಇದ್ದದ್ದು ಒಂದೇ.

ಅವಳು ಅಡುಗೆಮನೆಗೆ ಹೋದಳು. ಕಿಟಕಿ ಮುಚ್ಚಿದಳು, ನಡುಮನೆಯ ಕಡೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟಳು. ಎರಡೂ ಒಲೆ ಹಚ್ಚಿ, ಉರಿ ದೊಡ್ಡದು ಮಾಡಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಫೋನು ಕಿರುಗುಟ್ಟಿತು.

“ಏನು ಕಾಯಿಸ್ತಿದ್ದೀಯೇ?” ಎಂದು ಅಲ್ಲಿಂದಲೇ ಕೂಗಿದ.

“ಏನೂ ಇಲ್ಲ,” ಎಂದಳು.