ಮಡಿ, ಮುಸುರೆ, ಮಿಶ್ರಣ

ಗೋವಾದ ಸಾಂಖಳಿಯ ಮಧ್ಯಾಹ್ನಗಳಲ್ಲಿ ನನಗೆ ಅರ್ಧ ಎಚ್ಚರ, ಅರ್ಧ ನಿದ್ದೆ. ಕೆಳಗೆ ಗಂಡನ ಕಿರಾಣಿ ಅಂಗಡಿಯ ಬಾಗಿಲು ಊಟದ ಹೊತ್ತಿಗೆ ಮುಚ್ಚಿರುತ್ತಿತ್ತು. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಕಿಟಕಿಯ ಬಿಸಿಲಲ್ಲಿ ತೇಲುತ್ತಿತ್ತು. ನಾನು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಎದೆಯ ಮೇಲೆ ಮಗುಚಿಕೊಂಡು ಕಂಡದ್ದನ್ನೆಲ್ಲ ವಿಂಗಡಿಸುತ್ತ ಮಲಗಿರುತ್ತಿದ್ದೆ. ತಾಮ್ರದ ಕೊಡ ಮೂಲವಸ್ತು. ಅದರೊಳಗಿನ ನೀರು ಸಂಯುಕ್ತ. ತೇಲುವ ಧೂಳು ಮಿಶ್ರಣ. ಕೈಯ ಬಂಗಾರದ ಬಳೆ ಅಪ್ಪಟ ಅಂದುಕೊಂಡಿದ್ದೆ. ಅಕ್ಕಸಾಲಿಗ ತಾಮ್ರ ಬೆರೆಸಿರುತ್ತಾನೆಂದು ನೆನಪಾಗಿ ಅದನ್ನೂ ಮಿಶ್ರಣಕ್ಕೆ ತಳ್ಳಿದೆ.

ಮದುವೆಗೆ ಮುಂಚೆ ಬೆಳಗಾವಿಯಲ್ಲಿ ವಿಜ್ಞಾನ ಒಂದರಲ್ಲೇ ಡುಮ್ಕಿ ಹೊಡೆದಿದ್ದೆ. ನಪಾಸಾದವಳು ಅನ್ನಿಸಿಕೊಂಡೇ ಸಾಯಲು ನನಗೆ ಮನಸ್ಸಿರಲಿಲ್ಲ. ಮತ್ತೆ ಪರೀಕ್ಷೆ ಕಟ್ಟುವುದಕ್ಕೆ ಗಂಡ ಇದೊಂದು ಸಲ ಮಾತ್ರ ಎಂದಿದ್ದರು. ಆದರೆ ಹಾಲ್ ಟಿಕೆಟ್ ಬಂದಾಗ ನೋಡಿದರೆ, ಪರೀಕ್ಷೆ ಮಾವನವರ ತಿಥಿಯ ದಿನವೇ. ತಿಥಿಯ ಅಡುಗೆ ಮಡಿಯಲ್ಲಿ ಸೊಸೆಯೇ ಮಾಡಬೇಕು, ಇರುವವಳು ನಾನೊಬ್ಬಳೇ. ಅತ್ತೆಯವರಿಗೆ ಮಂಡಿನೋವು. ಯಾರಿಗೂ ಹೇಳುವ ಧೈರ್ಯ ಬರಲಿಲ್ಲ.

ಅತ್ತೆಯವರ ವಿಂಗಡಣೆಯ ಮುಂದೆ ನನ್ನ ಪುಸ್ತಕ ಏನೂ ಅಲ್ಲ. ಅಕ್ಕಿ ಒಣಗಿದ್ದರೆ ಏನನ್ನು ಮುಟ್ಟಿದರೂ ನಡೆಯುತ್ತದೆ. ಬೆಂದು ಅನ್ನವಾದರೆ ಮುಸುರೆ, ಮುಟ್ಟಿದ ಕೈ ತೊಳೆಯಬೇಕು. ಉಪ್ಪು ಬಿದ್ದದ್ದು, ಬೀಳದ್ದು, ಎಲ್ಲಕ್ಕೂ ಬೇರೆ ಬೇರೆ ಜಾಗ, ಬೇರೆ ಪಾತ್ರೆ.

ಒಂದು ಮಧ್ಯಾಹ್ನ, ಕರಗಿದ ಉಪ್ಪು ಹಾಗೇ ತಿರುಗಿ ಸಿಗುತ್ತದೆಂಬುದು ನಿಜವೇ ನೋಡೋಣವೆಂದು ಉಪ್ಪು, ಮರಳು ಕಲಸಿ ನೀರು ಹಾಕಿ ಬಟ್ಟೆಯಲ್ಲಿ ಸೋಸಿದೆ. ಸೋಸಿದ ನೀರನ್ನು ಒಲೆಯ ಮೇಲಿಟ್ಟು ಹಬೆ ನೋಡುತ್ತ ಕೂತೆ. ಎಷ್ಟು ಹೊತ್ತೋ, ಕಣ್ಣು ಎಳೆಯುತ್ತಿತ್ತು. ನೀರೆಲ್ಲ ಆರಿ ತಳದಲ್ಲಿ ಬೆಳ್ಳಗೆ ಉಪ್ಪು ಕೂತಿತು. ನನಗೆ ಅಳುವಷ್ಟು ಖುಷಿಯಾಯಿತು. ಆಗಲೇ ಅತ್ತೆಯವರು ಬಾಗಿಲಲ್ಲಿ ನಿಂತದ್ದು, ನಾನು ಒಲೆಗಿಟ್ಟದ್ದು ತಿಥಿಗೆಂದೇ ಎತ್ತಿಟ್ಟಿದ್ದ ಹಿತ್ತಾಳೆ ಪಾತ್ರೆ ಎಂದು ಹೊಳೆದದ್ದು.

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಇದೇನೆಂದು ಕೇಳಿದರು. ಹೇಳುತ್ತ ಹೋದಂತೆ ಪುಸ್ತಕ, ಡುಮ್ಕಿ, ಹಾಲ್ ಟಿಕೆಟ್ಟಿನ ತಾರೀಖು ಎಲ್ಲವೂ ಬಾಯಿಂದ ಬಿದ್ದುಹೋದವು. ಅವರು ಬಗ್ಗಿ ಪಾತ್ರೆಯ ತಳದ ಉಪ್ಪನ್ನು ನೋಡಿದರು.

"ಅವತ್ತ ನೀ ಹೊರಗಾಗೀದಿ ಅಂತ ಎಲ್ಲಾರಿಗೂ ಹೇಳ್ತೀನಿ. ಅಡಗಿ ನಾ ಮಾಡ್ತೀನಿ. ಸುಮ್ಮನ ಹೋಗಿ ಬರದು ಬಾ" ಅಂದರು.

ಹೊರಗಾದವಳು, ಅಂದರೆ ಮುಟ್ಟಾದವಳು. ಆ ಮೂರು ದಿನ ಅವಳಿಗೆ ಅಡುಗೆಮನೆಯೂ ಇಲ್ಲ, ತಿಥಿಯೂ ಇಲ್ಲ, ತಿಥಿಗೆ ಬಂದವರ ಕಣ್ಣಿಗೂ ಅವಳು ಬೀಳಬಾರದು. ಮಡಿ ಕೆಡಬಾರದೆಂದು ಒಗೆದ ಸೀರೆಯನ್ನು ಕೋಲಿನಿಂದ ಹರವುವ ಹೆಂಗಸು, ತನ್ನ ಗಂಡನ ತಿಥಿಯ ದಿನ, ಮಡಿಯ ವಿಷಯದಲ್ಲೇ ಸುಳ್ಳು ಹೇಳಲು ಹೊರಟಿದ್ದರು.

ತಿಥಿಯ ದಿನ ಬೆಳಗಾವಿಗೆ ನಸುಕಿನ ಬಸ್ಸು ಹಿಡಿದೆ. ಚೋರ್ಲಾ ಘಾಟಿನ ಮಂಜಿನಲ್ಲಿ ರಸ್ತೆ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಪೆನ್ನು ತಾನಾಗಿ ಓಡಿತು. ಮುಂದೆ ಪಾಸೂ ಆದೆ.

ಸಂಜೆ ಬಂದಾಗ ಭಟ್ಟರು, ನೆಂಟರು ಊಟ ಮುಗಿಸಿ ಹೋಗಿದ್ದರು. ಅತ್ತೆಯವರು ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಕೈ ಕೊಡಲು ಹೋದೆ. ತಿಥಿಗೆ ಬಂದು ಒಳಗೆ ಇನ್ನೂ ಕೂತಿದ್ದ ನಾದಿನಿಯತ್ತ ಕಣ್ಣು ತೋರಿಸಿ ತಡೆದರು. ಹೇಳಿದ ಸುಳ್ಳನ್ನು ನಡೆಸಲೇಬೇಕಿತ್ತು. ಜಗುಲಿಯ ಮೂಲೆಯಲ್ಲಿ ಕೂತ ನನ್ನ ಕಡೆಗೆ ತಾಟು ದೂರದಿಂದಲೇ ಸರಿಸಿ, ಹೊಟ್ಟೆ ತುಂಬ ಉಣ್ಣು ಅಂದರು. ಮೂರು ದಿನ ಅವರು ನನ್ನನ್ನು ಮುಟ್ಟಲಿಲ್ಲ. ಹೆತ್ತ ತಾಯಿ ಕೂಡ ನನಗೆ ಅಷ್ಟು ಹತ್ತಿರ ಬಂದದ್ದು ನೆನಪಿಲ್ಲ.